ಸೇನಾ ತರಬೇತಿಯ ಕ್ರೆಡಿಟ್‌ಗಳ ವರ್ಗಾವಣೆ ಕುರಿತು

ಅಮೆರಿಕದ ಭೂಸೇನೆಯಿಂದ ಬಿಡುಗಡೆಯಾದ ನಿಮ್ಮ ಭಾವನವರು ಕಮ್ಯುನಿಟಿ ಕಾಲೇಜಿನಿಂದ (ಎರಡು ವರ್ಷದ ಸ್ಥಳೀಯ ಕಾಲೇಜು) ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗುವಾಗ ಸೇನಾ ತರಬೇತಿಗೂ ಕ್ರೆಡಿಟ್ ಸಿಗುವುದೇ ಎಂದು ಕೇಳಿದ್ದೀರಿ. ಸಿಗಬಹುದು, ಆದರೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಆ ವಿಶ್ವವಿದ್ಯಾಲಯವೇ. ಅದಕ್ಕಾಗಿ ಕಾಲೇಜಿನ ಅಂಕಪಟ್ಟಿಯ ಜೊತೆಗೆ ಸೇನಾ ತರಬೇತಿಯ ವಿವರಗಳಿರುವ ‘ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್’ ಎಂಬ ದಾಖಲೆಯೂ ನೇರವಾಗಿ ಅಲ್ಲಿಗೆ ತಲುಪುವಂತೆ ಅವರು ಕೋರಿಕೆ ಸಲ್ಲಿಸಲಿ. ಕ್ರೆಡಿಟ್‌ಗಳ ಒಟ್ಟು ಸಂಖ್ಯೆಗಿಂತಲೂ, ಅವು ಪದವಿಯ ಕಡ್ಡಾಯ ವಿಷಯಗಳಿಗೆ ಸಲ್ಲುತ್ತವೆಯೋ ಅಥವಾ ಬರಿಯ ಐಚ್ಛಿಕವಾಗಿ ಉಳಿಯುತ್ತವೆಯೋ ಎಂಬುದೇ ಮುಖ್ಯ. ಏಕೆಂದರೆ ಮಾಜಿ ಸೈನಿಕರ ಶಿಕ್ಷಣಕ್ಕೆ ಅಮೆರಿಕ ಸರ್ಕಾರ ನೀಡುವ ‘ಪೋಸ್ಟ್ 9/11 ಜಿಐ ಬಿಲ್’ ನೆರವು ಸಾಮಾನ್ಯವಾಗಿ 36 ತಿಂಗಳಿಗೆ ಸೀಮಿತವಾಗಿದ್ದು, ಕಾಲೇಜಿನಲ್ಲಿ ಈಗಾಗಲೇ ಬಳಸಿಕೊಂಡ ತಿಂಗಳುಗಳೂ ಅದರಲ್ಲೇ ಕಳೆಯುತ್ತವೆ; ಕಡ್ಡಾಯ ವಿಷಯಗಳು ಬಾಕಿ ಉಳಿದರೆ ಪದವಿ ಮುಗಿಯುವ ಮೊದಲೇ ನೆರವು ತೀರಬಹುದು. ಆದ್ದರಿಂದ ಪ್ರವೇಶವನ್ನು ಒಪ್ಪಿಕೊಳ್ಳುವ ಮೊದಲೇ ಯಾವ ಕ್ರೆಡಿಟ್ ಯಾವುದಕ್ಕೆ ಸಲ್ಲುತ್ತದೆ ಎಂಬ ಮೌಲ್ಯಮಾಪನವನ್ನು ಲಿಖಿತವಾಗಿ ಕೇಳಿ ಪಡೆಯಬೇಕೆಂದು ಒತ್ತಿ ಹೇಳುತ್ತೇನೆ. ಸೇವಾ ಬಿಡುಗಡೆಯ ‘ಡಿಡಿ-214’ ಪ್ರಮಾಣಪತ್ರದ ಪ್ರತಿಯೂ ಕೈಯಲ್ಲಿರಲಿ. ವಿಶ್ವವಿದ್ಯಾಲಯದ ಪ್ರಮಾಣೀಕರಣ ಅಧಿಕಾರಿ ದಾಖಲಾತಿಯನ್ನು ದೃಢೀಕರಿಸಿದ ಮೇಲಷ್ಟೇ ಆ ನೆರವಿನ ಶುಲ್ಕದ ಹಣ ಬಿಡುಗಡೆಯಾಗುವುದರಿಂದ, ಅವರನ್ನು ತರಗತಿಗಳು ಆರಂಭವಾಗುವ ಮುನ್ನವೇ ಭೇಟಿಯಾಗುವುದು ಒಳ್ಳೆಯದು.