ಗ್ಯಾಸ್ ತುಂಬಿಸುವ ಮೊದಲು ಲೀಕ್ ಹುಡುಕಿ ಮಾರಾಯ್ರೇ

ಅಣ್ಣ, ಆ ಎಸಿ ಗ್ಯಾಸ್ ಕ್ಯಾನ್ ಆರ್ಡರ್ ಮಾಡಬೇಡಿ. ಮಾರ್ಚ್‌ನಲ್ಲಿ ಕಾರಿನ ಎಸಿಗೆ ಗ್ಯಾಸ್ ಟಾಪ್-ಅಪ್ ಮಾಡಿಸಿದ್ದೀರಿ, ಮೇ ಬರುವಷ್ಟರಲ್ಲಿ ಮತ್ತೆ ಬಿಸಿ ಗಾಳಿ. ಈಗ ಆನ್‌ಲೈನ್‌ನಿಂದ ಕ್ಯಾನ್ ತರಿಸಿ ನಾನೇ ಹಾಕುತ್ತೇನೆ ಎನ್ನುತ್ತಿದ್ದೀರಿ. ಎಸಿ ಗ್ಯಾಸ್ ಏನು ಪೆಟ್ರೋಲಾ, ಓಡಿಸಿದ ಹಾಗೆ ಖಾಲಿಯಾಗಲು? ಎರಡೇ ತಿಂಗಳಲ್ಲಿ ಹೋಯಿತೆಂದರೆ ಎಲ್ಲೋ ತೂತಿದೆ, ಅಷ್ಟೇ.

ನಮ್ಮ ಹಳೆ ಕಾರಿಗೂ ಹೀಗೇ ಆಗಿತ್ತು. ಪ್ರತಿ ಬೇಸಿಗೆಗೆ ಟಾಪ್-ಅಪ್. ಗ್ಯಾಸ್ ಸೋರುವಾಗ ಒಳಗಿನ ಆಯಿಲ್ ಕೂಡ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ಅದರ ಲೆಕ್ಕ ಯಾರೂ ಇಡಲಿಲ್ಲ. ಕೊನೆಗೆ ಆಯಿಲ್ ಸಾಲದೆ ಕಂಪ್ರೆಸರ್ (ಗ್ಯಾಸ್ ಒತ್ತುವ ಪಂಪ್) ಜಾಮ್. ಅದರ ಲೋಹದ ಚೂರು ಕಂಡೆನ್ಸರ್ (ಗ್ರಿಲ್ ಹಿಂದೆ ಗ್ಯಾಸ್ ತಣಿಸುವ ಜಾಲರಿ) ಒಳಗೆ ಹೊಕ್ಕು ಅದನ್ನೂ ಬದಲಿಸಬೇಕಾಯಿತು. ನೂರು ರೂಪಾಯಿಯ ಕೆಲಸ ಸಾವಿರಗಟ್ಟಲೆಗೆ ಹೋಯಿತು.

ನೀವು ಹೇಳಿದ "ಅಂಗಡಿಯವರು ಹತ್ತು ನಿಮಿಷ ವ್ಯಾಕ್ಯೂಮ್ ಹಾಕಿ ನೋಡಿದರು, ಲೀಕ್ ಇಲ್ಲ" ಎಂಬ ಮಾತು ನನಗೆ ಸಿಟ್ಟು ತರಿಸುತ್ತದೆ. ವ್ಯಾಕ್ಯೂಮ್ ಅಂದರೆ ಪಂಪ್ ಇಟ್ಟು ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯುವುದು. ವ್ಯಾಕ್ಯೂಮ್‌ನಲ್ಲಿ ಹೊರಗಿನಿಂದ ಒಳಗೆ ಒತ್ತುವುದು ಬರೀ 14-15 ಪಿಎಸ್‌ಐ (ಒತ್ತಡದ ಅಳತೆ). ಎಸಿ ಓಡುವಾಗ ಹೈ ಸೈಡ್‌ನಲ್ಲಿ (ಕಂಪ್ರೆಸರ್ ಒತ್ತಿ ಕಳಿಸುವ ಬದಿ) ಒಳಗಿನಿಂದ ಹೊರಗೆ 200 ಪಿಎಸ್‌ಐ ದಾಟುತ್ತದೆ, ನಮ್ಮ ಮೇ ತಿಂಗಳ ಸೆಕೆಯಲ್ಲಿ ಇನ್ನೂ ಜಾಸ್ತಿ. ಸಣ್ಣ ಲೀಕ್ ಇದ್ದ ಓ-ರಿಂಗ್ (ಜಾಯಿಂಟಿನ ರಬ್ಬರ್ ಉಂಗುರ) ವ್ಯಾಕ್ಯೂಮ್‌ಗೆ ಒಳಗೆ ಎಳೆದುಕೊಂಡು ಚೆನ್ನಾಗಿಯೇ ಕೂರುತ್ತದೆ. ಗ್ಯಾಸ್ ಹಾಕಿದ ಮೇಲೆ ಮತ್ತೆ ಬಿಡುತ್ತದೆ. ವ್ಯಾಕ್ಯೂಮ್ ಇರುವುದು ಒಳಗಿನ ನೀರಿನಂಶ ತೆಗೆಯಲಿಕ್ಕೆ. ಅದಕ್ಕೂ ಹತ್ತು ನಿಮಿಷ ಸಾಲದು, ಈ ಊರಿನ ತೇವಕ್ಕೆ ಕನಿಷ್ಠ ಅರ್ಧ ಮುಕ್ಕಾಲು ಗಂಟೆ ಬೇಕು.

ಲೀಕ್ ನೋಡಬೇಕಾದರೆ ನೈಟ್ರೋಜನ್. ನನಗೆ ಇದರ ಮೇಲೆ ಮಾತ್ರ ನಂಬಿಕೆ. ರೆಗ್ಯುಲೇಟರ್ ಇಟ್ಟು ಸುಮಾರು 150 ಪಿಎಸ್‌ಐ ತುಂಬಿಸಿ, ಪ್ರತಿ ಜಾಯಿಂಟ್‌ಗೆ ಸೋಪಿನ ನೊರೆ ಹಚ್ಚಿ ನೋಡಬೇಕು. ಗುಳ್ಳೆ ಕಾಣದಿದ್ದರೆ ಗೇಜ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೂರ್ನಾಲ್ಕು ಪಿಎಸ್‌ಐ ಇಳಿದಿದ್ದರೆ ಹೆದರಬೇಡಿ, ರಾತ್ರಿಯ ತಂಪಿಗೆ ಅಷ್ಟು ಇಳಿಯುವುದು ಸಹಜ. ಹದಿನೈದು ಇಪ್ಪತ್ತು ಇಳಿದರೆ ಮಾತ್ರ ಲೀಕ್ ಪಕ್ಕಾ. ರೆಗ್ಯುಲೇಟರ್ ಇಲ್ಲದೆ ನೇರ ಸಿಲಿಂಡರ್‌ನಿಂದ ಯಾರಾದರೂ ಬಿಟ್ಟರೆ ಅಲ್ಲಿಂದ ಓಡಿ, ಇವಾಪರೇಟರ್ (ಡ್ಯಾಶ್‌ಬೋರ್ಡ್ ಒಳಗೆ ಗಾಳಿ ತಂಪು ಮಾಡುವ ಭಾಗ) ಸಿಡಿಯುತ್ತದೆ. ಟಯರ್‌ಗೆ ಹಾಕುವ ಕಂಪ್ರೆಸರ್ ಗಾಳಿಯೂ ಬೇಡ, ಅದರಲ್ಲಿ ನೀರಿರುತ್ತದೆ. ಆಕ್ಸಿಜನ್ ಅಂತೂ ಮುಟ್ಟಲೇಬಾರದು, ಆಯಿಲ್ ಸೇರಿದರೆ ಸ್ಫೋಟ.

ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸ ಮಾಡಿ. ಗ್ರಿಲ್ ಒಳಗೆ ಟಾರ್ಚ್ ಬಿಟ್ಟು ಕಂಡೆನ್ಸರ್‌ನ ಕೆಳಮೂಲೆ ನೋಡಿ. ನಮ್ಮ ಕಾರಿನಲ್ಲಿ ಅಲ್ಲಿ ಎಂಟಾಣೆ ನಾಣ್ಯದಷ್ಟು ಜಾಗದಲ್ಲಿ ಧೂಳು ಎಣ್ಣೆ ಹಿಡಿದು ಕಪ್ಪಗೆ ಅಂಟಿತ್ತು. ಸುತ್ತಲಿನ ಫಿನ್ (ತೆಳು ಅಲ್ಯೂಮಿನಿಯಂ ಪಟ್ಟಿ) ಬಿಳಿ ಪುಡಿಯಾಗಿ ಉಗುರು ತಾಗಿದರೆ ಉದುರುತ್ತಿತ್ತು. ನೀವು ಮಲ್ಪೆಯವರು. ಉಪ್ಪು ಗಾಳಿ ಒಂದು ಕಡೆ, ಮುಂದೆ ಹೋಗುವ ಮೀನಿನ ಲಾರಿಯ ನೀರು ಇನ್ನೊಂದು ಕಡೆ. ಅಲ್ಯೂಮಿನಿಯಂ ಎಷ್ಟು ಅಂತ ತಡೆಯುತ್ತದೆ? ವಾರಕ್ಕೊಮ್ಮೆ ಪೈಪಿನ ಸಾದಾ ನೀರು ಬಿಡಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಡಚಿ ಹೋಗುತ್ತದೆ.

ಲೀಕೇ ಅಲ್ಲದೆಯೂ ಇರಬಹುದು, ಅದನ್ನೂ ನೋಡಿ. ನಂತೂರು ಜಂಕ್ಷನ್ ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿ, ಹೆಜಮಾಡಿ ಟೋಲ್ ದಾಟಿ ಹೈವೇಯಲ್ಲಿ ಓಡುವಾಗ ತಂಪು ಅಂದರೆ ಮೊದಲ ಸಂಶಯ ಫ್ಯಾನ್ ಮೇಲೆ. ಎಸಿ ಹಾಕಿದಾಗ ಕಂಪ್ರೆಸರ್ ಕ್ಲಚ್ 'ಟಕ್' ಅನ್ನದಿದ್ದರೆ ಫ್ಯೂಸ್, ರಿಲೇ ನೋಡಿ. ಗ್ಯಾಸ್ ತೀರಾ ಕಡಿಮೆಯಾದರೂ ಪ್ರೆಶರ್ ಸ್ವಿಚ್ ಕ್ಲಚ್ ಹಿಡಿಯಲು ಬಿಡುವುದಿಲ್ಲ. ಅದಕ್ಕೆ ವೈರ್ ನೇರ ಕೊಟ್ಟು ಓಡಿಸುವ ಬುದ್ಧಿವಂತರಿದ್ದಾರೆ, ಕಂಪ್ರೆಸರ್ ಸಾಯುವುದು ಹಾಗೆಯೇ.

ಗ್ಯಾಸ್ ತುಂಬುವಾಗ ತೂಕ ಮಾಡಿಯೇ ಹಾಕಿಸಿ. ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಎಷ್ಟು ಗ್ರಾಂ ಎಂದು ಇರುತ್ತದೆ. ಎಂಜಿನ್ ಆಫ್ ಇರುವಾಗ 30 ಡಿಗ್ರಿಯಲ್ಲಿ ಆರ್-134ಎ (ಮಾಮೂಲಿ ಕಾರಿನ ಎಸಿ ಗ್ಯಾಸ್) ಸುಮಾರು 97 ಪಿಎಸ್‌ಐ ತೋರಿಸುತ್ತದೆ. ಒಳಗೆ ದ್ರವವಾಗಿರುವ ಗ್ಯಾಸ್ ಸ್ವಲ್ಪ ಇದ್ದರೂ ಅಷ್ಟೇ, ತುಂಬ ಇದ್ದರೂ ಅಷ್ಟೇ. ಹಾಗಾಗಿ ಗೇಜ್ ನೋಡಿ "ಫುಲ್ ಉಂಟು" ಎನ್ನುವವರ ಮಾತು ಕೇಳಬೇಡಿ. ಜಾಸ್ತಿ ಹಾಕಿದರೂ ತಂಪು ಕಡಿಮೆಯೇ ಆಗುತ್ತದೆ. ಫ್ಲೋರಾನ್ ಬ್ರ್ಯಾಂಡಿನ ಗ್ಯಾಸ್ ನನಗೆ ಸರಿ ಬಂದಿದೆ. ಹೆಸರಿಲ್ಲದ ಅಗ್ಗದ ಕ್ಯಾನ್ ಬೇಡ, ಒಳಗೆ ಏನು ಬೆರೆಸಿದ್ದಾರೋ. ಅಡುಗೆ ಗ್ಯಾಸಿನ ಜಾತಿಯದ್ದು ಸೇರಿದ್ದರೆ ಬೆಂಕಿಯ ಭಯ ಬೇರೆ. "ಸ್ಟಾಪ್ ಲೀಕ್" ಇರುವ ಕ್ಯಾನ್ ಅಂತೂ ಬೇಡವೇ ಬೇಡ, ಎಕ್ಸ್‌ಪಾನ್ಶನ್ ವಾಲ್ವ್ (ಗ್ಯಾಸ್ ಹಾದುಹೋಗುವ ಕಿರಿದಾದ ದಾರಿ) ಕಟ್ಟಿಕೊಳ್ಳುತ್ತದೆ. ಕಂಡೆನ್ಸರ್ ಬದಲಿಸುವುದಾದರೆ ಸುಬ್ರೋಸ್, ಡೆನ್ಸೊ, ಹ್ಯಾನನ್, ಕಂಪನಿ ಪಾರ್ಟ್ ಯಾವುದಾದರೂ ಆಗಬಹುದು. ಜೊತೆಗೆ ಡ್ರೈಯರ್ (ನೀರಿನಂಶ ಹೀರುವ ಭಾಗ) ಮತ್ತು ಓ-ರಿಂಗ್ ಹೊಸದೇ ಹಾಕಿಸಿ, ಅಲ್ಲಿ ಜಿಪುಣತನ ಮಾಡಬೇಡಿ. ಹೊಸ ಕಾರಿನಲ್ಲಿ ಆರ್-1234ವೈಎಫ್ ಎಂಬ ಬೇರೆ ಗ್ಯಾಸ್ ಇದ್ದರೆ ಅದಕ್ಕೆ 134ಎ ಹಾಕುವ ಅಡಾಪ್ಟರ್ ಆಟ ಬೇಡ. ಈ ಗುಂಪಿನಲ್ಲಿ ಎಲೆಕ್ಟ್ರಿಕ್ ಕಾರಿನವರೂ ಇದ್ದೀರಿ. ನಿಮ್ಮದರ ಕಂಪ್ರೆಸರ್ ಆಯಿಲ್ಲೇ ಬೇರೆ, ಮಾಮೂಲಿ ಕಾರಿನ ಎಸಿಗೆ ಹಾಕುವ ಪ್ಯಾಗ್ ಆಯಿಲ್ ಹಾಕಿಸಬೇಡಿ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ವೈರ್ ಹತ್ತಿರ ಕೈ ಹಾಕಬೇಡಿ.

ಇನ್ನು ಕೆಲವರು ಸುಮ್ನೆ "ಇವಾಪರೇಟರ್ ಹೋಗಿದೆ, ಡ್ಯಾಶ್‌ಬೋರ್ಡ್ ಬಿಚ್ಚಬೇಕು" ಎನ್ನುತ್ತಾರೆ. ಯುವಿ ಡೈ ಹಾಕಿಸಿ ಸ್ವಲ್ಪ ದಿನ ಓಡಿಸಿ. ಎಸಿ ನೀರು ಬೀಳುವ ಪೈಪಿನ ಬಾಯಲ್ಲಿ ಯುವಿ ಲೈಟ್‌ಗೆ ಹಸಿರು ಹೊಳೆದರೆ ಆಗ ಬಿಚ್ಚಲು ಒಪ್ಪಿಕೊಳ್ಳಿ. ಒಮ್ಮೆ ಬಿಚ್ಚಿದ ಡ್ಯಾಶ್‌ಬೋರ್ಡ್ ಮತ್ತೆ ಸದ್ದಿಲ್ಲದೆ ಕೂರುವುದು ಅಪರೂಪ. ಅಂದ ಹಾಗೆ ಆ ನೀರೇ ಒಳ್ಳೆಯ ಗುರುತು. ನಮ್ಮ ಕರಾವಳಿಯ ಸೆಕೆಯಲ್ಲಿ ಎಸಿ ಹಾಕಿ ಸ್ವಲ್ಪ ಹೊತ್ತಾದ ಮೇಲೂ ಕಾರಿನ ಕೆಳಗೆ ನೀರು ತೊಟ್ಟಿಕ್ಕದಿದ್ದರೆ ಒಂದೋ ತಂಪಾಗುತ್ತಿಲ್ಲ, ಇಲ್ಲ ಪೈಪ್ ಕಟ್ಟಿದೆ. ಕಟ್ಟಿದ್ದರೆ ಎಡಗಡೆ ಮ್ಯಾಟ್ ಒದ್ದೆಯಾಗಿರುತ್ತದೆ, ಮುಟ್ಟಿ ನೋಡಿ. ಕ್ಯಾಬಿನ್ ಫಿಲ್ಟರ್ ಕೂಡ ಮಳೆಗಾಲಕ್ಕೆ ಮುಂಚೆ ಒಮ್ಮೆ ಎಳೆದು ನೋಡಿ, ನಮ್ಮದರಲ್ಲಿ ಇಲಿ ಗೂಡು ಕಟ್ಟಿತ್ತು.