‘ಇತರರು’ ಎಂಬ ಕೊನೆಯ ಸಾಲು

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆಯುತ್ತಾರೆ: ‘ಮೂರನೇ ಪಕ್ಷ ಕಟ್ಟುತ್ತೇವೆ ಅಂತ ಹೊರಟವರನ್ನು ನೀವು ಸುಮ್ನೆ ಹುರಿದುಂಬಿಸುತ್ತೀರಿ. ಅಂಥವು ಎಷ್ಟು ಉಳಿದಿವೆ? ಒಳ್ಳೆಯವರು ದೊಡ್ಡ ಪಕ್ಷದೊಳಗೇ ಹೋಗಿ ಅದನ್ನು ತಿದ್ದಬಾರದೇ? ನಮ್ಮ ವೋಟಾದರೂ ಹಾಳಾಗುವುದಿಲ್ಲ.’

ಮೇಷ್ಟ್ರೇ, ಎರಡು ಪುಟದ ಪತ್ರದಲ್ಲಿ ಒಂದು ಚಿತ್ತಿಲ್ಲ. ಓದಿ ಖುಷಿಯಾಯಿತು. ಆದರೆ ನೀವು ಹಾಕಿದ ಲೆಕ್ಕ ನನಗೆ ತಾಳೆಯಾಗುತ್ತಿಲ್ಲ.

ಸ್ವಲ್ಪ ಒಪ್ಪುತ್ತೇನೆ. ನಮ್ಮಲ್ಲಿ ಮುನಿಸಿನಿಂದ ಹುಟ್ಟಿದ ಪಕ್ಷಗಳೇ ಜಾಸ್ತಿ. 2013ರಲ್ಲಿ ಬಿಜೆಪಿ ಬಿಟ್ಟು ಬಂದ ಯಡಿಯೂರಪ್ಪನವರ ಕೆಜೆಪಿ (ಕರ್ನಾಟಕ ಜನತಾ ಪಕ್ಷ) 6 ಸೀಟು ಗೆದ್ದಿತು. ಮರುವರ್ಷ ಜನವರಿಗೆ ತವರಿಗೆ ವಾಪಸ್. ಅಣ್ಣತಮ್ಮಂದಿರು ಜಗಳವಾಡಿ ಬೇರೆ ಒಲೆ ಹೂಡಿದ ಹಾಗೆ ಅದು. ಬಿಡಿ.

ಈಗ ಕಾಗೋಡಿಗೆ ಬನ್ನಿ. ಸಾಗರ ತಾಲ್ಲೂಕು, 1951. ಜಗಳ ಎದ್ದದ್ದು ಭತ್ತ ಅಳೆಯುವ ಒಂದು ಕೊಳಗದ ಮೇಲೆ. ಗೇಣಿ ಭತ್ತ ಅಳೆಯುವಾಗ ಜಮೀನಿನ ಒಡೆಯರ ಕಡೆಯ ಕೊಳಗ ದೊಡ್ಡದಾಗಿರುತ್ತಿತ್ತು. ರೈತರು ತಿರುಗಿ ನಿಂತರು, ಸೋಷಲಿಸ್ಟರು ಅವರ ಬೆನ್ನಿಗೆ ನಿಂತರು. ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಸೋಷಲಿಸ್ಟ್ ಪಕ್ಷದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದರು. ಕೈಯಲ್ಲಿ ಕಾಸಿಲ್ಲದ ಮನುಷ್ಯ. ‘ಒಂದು ವೋಟು, ಒಂದು ನೋಟು’ ಅಂತ ಜನರನ್ನೇ ಕೇಳುತ್ತಿದ್ದರು. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಅವರ ಪಕ್ಷ ಇಲ್ಲಿ ಸರ್ಕಾರ ಮಾಡಲೇ ಇಲ್ಲ. 1972ರಲ್ಲಿ ತೀರಿಕೊಂಡರು. ಉಳುವವನಿಗೆ ಭೂಮಿ ಕೊಡುವ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚಿನಲ್ಲಿ.

ಅದನ್ನು ತಂದವರು ಕಾಂಗ್ರೆಸ್ಸಿನ ಮುಖ್ಯಮಂತ್ರಿ ದೇವರಾಜ ಅರಸು ಅಲ್ವಾ ಅಂತ ನೀವು ಆಗಲೇ ಕೆಂಪು ಪೆನ್ನು ತೆಗೆದಿರುತ್ತೀರಿ. ಹೌದು, ಅವರೇ. ನನ್ನ ಅಜ್ಜ ಆ ಕಾನೂನಿನಡಿ ಡಿಕ್ಲರೇಷನ್ (ಗೇಣಿದಾರನ ಅರ್ಜಿ) ಹಾಕಿ ಪಡೆದ ಒಂದೂವರೆ ಎಕರೆ ಗದ್ದೆಯ ಅನ್ನ ತಿಂದವನು ನಾನು, ಅರಸು ಋಣ ಮರೆಯುವುದಿಲ್ಲ. ಆದರೆ ಗದ್ದೆ ತನ್ನದಾಗಬಹುದು ಅಂತ ಅಜ್ಜ ಮೊದಲು ಕೇಳಿದ್ದು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ನಡೆದ ಸೋಷಲಿಸ್ಟರ ಸಭೆಯಲ್ಲಿ. ಅರಸು ಕೈಗೆ ಹಣ್ಣು ಬಂತು. ಇಪ್ಪತ್ತು ವರ್ಷ ನೀರು ಹೊತ್ತದ್ದು ನೀವು ಹೇಳುವ ಆ ಹಾಳಾದ ವೋಟುಗಳು.

ಒಳಗಿದ್ದು ತಿದ್ದಿದ ಅರಸು ಗತಿಯಾದರೂ ಏನಾಯಿತು? 1979ರಲ್ಲಿ ಪಕ್ಷ ಅವರನ್ನೇ ಹೊರಗೆ ಹಾಕಿತು. ಕೊನೆಗೆ ಅವರೂ ಕ್ರಾಂತಿರಂಗ ಕಟ್ಟಬೇಕಾಯಿತು. 1982ರ ಜೂನಿನಲ್ಲಿ ಅವರು ಹೋದರು. ಏಳು ತಿಂಗಳಿಗೆ ಅದೇ ಕ್ರಾಂತಿರಂಗ ಜನತಾ ಪಕ್ಷದ ಜೊತೆ ಸೇರಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ತಂದಿತು.

ನನ್ನ ಗೆಳೆಯನೊಬ್ಬ ನಿಮ್ಮ ಮಾತಿನಂತೆಯೇ ನಡೆದ. ಹನ್ನೆರಡು ವರ್ಷ ಒಂದು ದೊಡ್ಡ ಪಕ್ಷಕ್ಕೆ ದುಡಿದ. ನಾಮಪತ್ರದ ಕೊನೆಯ ದಿನ ತಾಲ್ಲೂಕು ಕಚೇರಿ ಎದುರಿನ ಹುಣಸೆ ಮರದ ಕೆಳಗೆ ಕೂತಿದ್ದೆವು. ಎರಡೂಕಾಲಿಗೆ ಪಕ್ಷದ ಟಿಕೆಟ್ಟಿನ ಬಿ ಫಾರಂ ಬಂತು, ಬೇರೆಯವರ ಕಾರಿನಲ್ಲಿ. ಹಿಂದಿನ ವಾರ ಪಕ್ಷ ಸೇರಿದವರು. ಗೆಳೆಯನಿಗೆಂದು ತಂದ ಸೇವಂತಿಗೆ ಹಾರವನ್ನು ಪಕ್ಕದ ದನ ತಿಂದಿತು. ಫಾರಂ ಸಿಕ್ಕಿ ಗೆದ್ದಿದ್ದರೂ ಅಷ್ಟೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಪಕ್ಷದ ಆದೇಶವಾದ ವಿಪ್ ಮೀರಿ ಕೈ ಎತ್ತಿದರೆ ಶಾಸಕತ್ವಕ್ಕೇ ಕುತ್ತು. ತಿದ್ದುವುದು ಯಾವಾಗ, ಮೇಷ್ಟ್ರೇ?

ಚಿಕ್ಕ ಪಕ್ಷಗಳು ಅಂಬೆಗಾಲಿಡುವ ಜಾಗವನ್ನೂ ದೊಡ್ಡವರು ಬಿಟ್ಟಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ದರ್ಬಾರು. ಇದರಲ್ಲಿ ಮಾತ್ರ ಎಲ್ಲ ದೊಡ್ಡ ಪಕ್ಷಗಳದ್ದೂ ಒಂದೇ ಮನಸ್ಸು.

ಎಷ್ಟು ಉಳಿದಿವೆ ಅಂದಿರಿ. 2023ರಲ್ಲಿ ಮೇಲುಕೋಟೆಯಲ್ಲಿ ರೈತ ಸಂಘದವರ ಸರ್ವೋದಯ ಕರ್ನಾಟಕ ಪಕ್ಷ ಗೆದ್ದಿದೆ. ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕಿರಲಿಲ್ಲ, ನಿಜ. ಆ ಫಲಿತಾಂಶ ನಿಮ್ಮ ಕಣ್ಣಿಗೆ ಬೀಳದಿದ್ದರೆ ತಪ್ಪು ನಿಮ್ಮದಲ್ಲ. ನಮ್ಮ ಪತ್ರಿಕೆಯೂ ಅದನ್ನು ಪಟ್ಟಿಯ ಕೊನೆಯಲ್ಲಿ ‘ಇತರರು’ ಅಂತಲೇ ಅಚ್ಚು ಹಾಕಿತ್ತು. ಕರಡು ತಿದ್ದಿದವನು ನಾನೇ.