ಜಾಯಿಂಟ್ ಇದ್ದಲ್ಲಿ ಕಿಂಡಿ ಇರಲಿ

ಬಾತ್‌ರೂಮಿನಲ್ಲಿ ಕಣ್ಣಿಗೆ ಕಾಣುವ ಪೈಪುಗಳನ್ನು ಮರೆಮಾಡುವ ಬಗ್ಗೆ ಬಂದ ನಾಲ್ಕು ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ನಮ್ಮದು ಇಪ್ಪತ್ತು ವರ್ಷ ಹಳೆಯ ಮನೆ. ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು ತುಕ್ಕು ಹಿಡಿದು ಸೋರತೊಡಗಿತು. ಪ್ಲಂಬರ್ ಅದನ್ನು ಹಾಗೇ ಬಿಟ್ಟು ಟೈಲ್ಸ್ ಮೇಲೆಯೇ ಮುಕ್ಕಾಲು ಇಂಚಿನ ಎರಡು ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪು ಎಳೆದಿದ್ದಾರೆ. ಒಂದು ಬಿಸಿನೀರಿಗೆ, ಒಂದು ತಣ್ಣೀರಿಗೆ. ಉದ್ದ ಏಳು ಅಡಿ. ನೋಡಲು ಚೆನ್ನಾಗಿಲ್ಲ. ಬಡಗಿ ಪ್ಲೈವುಡ್ ಬಾಕ್ಸ್ ಮಾಡಿಕೊಡುತ್ತೇನೆ ಅನ್ನುತ್ತಾರೆ. ಮಾಡಿಸಬಹುದೆ? (ಹಾಸನ)

ಉತ್ತರ: ಬಾಕ್ಸ್ ಮಾಡಿಸಿ, ಪ್ಲೈವುಡ್ ಬೇಡ. ವಾಟರ್‌ಪ್ರೂಫ್ ಎಂದು ಮಾರುವ ಪ್ಲೈ ಕೂಡ ಬಚ್ಚಲಿನಲ್ಲಿ ಕತ್ತರಿಸಿದ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ, ಹಿಂದೆಯೇ ಗೆದ್ದಲು ಬರುತ್ತದೆ. 12 ಮಿ.ಮೀ. ದಪ್ಪದ ಪಿವಿಸಿ ಬೋರ್ಡ್ ಅಥವಾ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಬೋರ್ಡ್ ತನ್ನಿ. ಎಂಟು ಅಡಿ ಉದ್ದ, 15 ಇಂಚು ಅಗಲದ ಒಂದು ಪಟ್ಟಿ ನಿಮ್ಮ ಕೆಲಸಕ್ಕೆ ಸಾಕು.

ಬಡಗಿಗಿಂತ ಮೊದಲು ಪ್ಲಂಬರನ್ನು ಕರೆಯಿರಿ. ಕೊನೆಯ ಜಾಯಿಂಟ್ ಅಂಟಿಸಿ 24 ಗಂಟೆ ಕಳೆದಿರಬೇಕು. ಗೀಸರಿನ ಸಂಪರ್ಕ ಬಿಚ್ಚಿ, ತೆರೆದ ತುದಿಗಳಿಗೆಲ್ಲ ಪ್ಲಗ್ ಹಾಕಿ, ಕೈಪಂಪಿನಿಂದ 10 ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡ ಏರಿಸಿ ಒಂದು ಗಂಟೆ ಬಿಡಿ. ಮೀಟರಿನ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಗೀಸರ್ ಬಿಚ್ಚದೆ ಒತ್ತಡ ಏರಿಸಿದರೆ ಅದರ ಟ್ಯಾಂಕಿಗೇ ಪೆಟ್ಟು. ಗೋಡೆಯೊಳಗಿನ ಹಳೆಯ ಜಿಐ ಲೈನಿನ ತುದಿಗೆ ಪ್ಲಗ್ ಬಿದ್ದಿದೆಯೇ ಎಂದೂ ಕೇಳಿ. ಬರೀ ವಾಲ್ವ್ ಮುಚ್ಚಿಟ್ಟು ಹೋಗುವವರೂ ಇದ್ದಾರೆ.

ಬಿಸಿನೀರು ಹರಿದಾಗ ಸಿಪಿವಿಸಿ ಹಿಗ್ಗುತ್ತದೆ. 25 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಏಳು ಅಡಿಯ ಪೈಪು ಸುಮಾರು 5 ಮಿ.ಮೀ. ಉದ್ದವಾಗುತ್ತದೆ. ಆದ್ದರಿಂದ ಎರಡೂವರೆ ಅಡಿಗೊಂದು ಕ್ಲ್ಯಾಂಪ್ ಇರಲಿ, ಆದರೆ ಪೈಪು ಅದರೊಳಗೆ ಜಾರುವಷ್ಟು ಸಡಿಲ ಇರಲಿ. ಬಾಕ್ಸಿನ ಬದಿಯಲ್ಲಿ ಪೈಪು ಹೊರಬರುವ ತೂತು ಪೈಪಿಗಿಂತ 8-10 ಮಿ.ಮೀ. ದೊಡ್ಡದಿರಬೇಕು. ಬಿಗಿಯಾಗಿ ಹಿಡಿದರೆ ದಿನವೂ ಹಿಗ್ಗಿ ಕುಗ್ಗುವ ಎಳೆತವೆಲ್ಲ ಎಲ್ಬೋಗಳ (ಪೈಪು ತಿರುಗುವಲ್ಲಿನ ಜೋಡಣೆ) ಮೇಲೆ ಬೀಳುತ್ತದೆ. ಪೈಪು ಅಲುಗಾಡದಿರಲೆಂದು ಬಾಕ್ಸಿನೊಳಗೆ ಸ್ಪ್ರೇ ಫೋಮ್ ತುಂಬಿಸುವುದೂ ಅದೇ ತಪ್ಪು.

ಇನ್ನೊಂದು ಎಚ್ಚರಿಕೆ ಅನೇಕ ಪ್ಲಂಬರುಗಳಿಗೂ ಗೊತ್ತಿಲ್ಲ. ವೈರಿಂಗಿಗೆ ಬಳಸುವ ಮೆತ್ತನೆಯ ಪಿವಿಸಿ ಟೇಪು, ಸೀಮೆಎಣ್ಣೆಯಂಥ ಎಣ್ಣೆಗಳು, ಎಣ್ಣೆಯಲ್ಲಿ ಕಲಸಿದ ಗೆದ್ದಲಿನ ಔಷಧಿ ಇವು ಸಿಪಿವಿಸಿಗೆ ತಾಗುತ್ತಲೇ ಇದ್ದರೆ ಪೈಪು ಬಿರುಕು ಬಿಡಬಹುದು. ಬಾಕ್ಸಿನೊಳಗೆ ಇವು ಯಾವುದೂ ಬೇಡ.

ಇನ್ನು ಬಾಕ್ಸಿನ ಅಳತೆ. ಮುಕ್ಕಾಲು ಇಂಚಿನ ಪೈಪಿನ ಹೊರ ಅಳತೆ 22 ಮಿ.ಮೀ. ಕ್ಲ್ಯಾಂಪ್, ಎಲ್ಬೋ ಎಲ್ಲ ಸೇರಿದರೆ ಒಳಗೆ 65 ಮಿ.ಮೀ. ಆಳ, 150 ಮಿ.ಮೀ. ಎತ್ತರ ಬೇಕು. ಬಾಕ್ಸಿನ ಮೇಲಿನ ಮತ್ತು ಕೆಳಗಿನ ಅಂಚಿಗೆ ಒಂದಿಂಚಿನ ಅಲ್ಯೂಮಿನಿಯಂ ಆ್ಯಂಗಲ್ ಗೋಡೆಗೆ ಕೂರಿಸಿ. ಟೈಲ್ಸಿಗೆ ತೂತು ಹಾಕುವಾಗ ಮೇಲಿನ ಹೊಳಪು ಪದರ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಆಫ್ ಇರಲಿ. ಮೇಲಿನ ಹಲಗೆಯನ್ನು ಹೊರಕ್ಕೆ ಸ್ವಲ್ಪ ಇಳಿಜಾರು ಕೊಟ್ಟು ಗಟ್ಟಿಯಾಗಿ ಬಿಗಿಯಿರಿ, ಏಕೆಂದರೆ ನೀವು ಬೇಡವೆಂದರೂ ಮನೆಯವರು ಅದರ ಮೇಲೆ ಶ್ಯಾಂಪೂ ಬಾಟಲಿ ಸಾಲಾಗಿ ಇಟ್ಟೇ ಇಡುತ್ತಾರೆ.

ಮುಂದಿನ ಮುಚ್ಚಳ ಮೂರೂವರೆ ಅಡಿಯ ಎರಡು ತುಂಡುಗಳಾಗಿರಲಿ, ಒಬ್ಬರೇ ಬಿಚ್ಚಬಹುದು. ಬೋರ್ಡಿಗೆ ನೇರ ಸ್ಕ್ರೂ ಹೊಡೆದರೆ ನಾಲ್ಕೈದು ಸಲ ಬಿಚ್ಚಿ ಹಾಕುವಷ್ಟರಲ್ಲಿ ಹಿಡಿತ ಹೋಗುತ್ತದೆ. ಎರಡೂ ಹಲಗೆಗಳ ಮುಂದಿನ ಅಂಚಿನ ಒಳಗಡೆ ಇನ್ನೊಂದು ಆ್ಯಂಗಲ್ ಕೂರಿಸಿ, ಅದಕ್ಕೆ ರಿವೆಟ್ ನಟ್ (ತೂತಿನಲ್ಲಿ ಕಚ್ಚಿ ನಿಲ್ಲುವ ನಟ್) ಹಾಕಿಸಿ, ಸ್ಟೇನ್‌ಲೆಸ್ ಸ್ಟೀಲಿನ 4 ಮಿ.ಮೀ. ಸ್ಕ್ರೂಗಳಿಂದ ಮುಚ್ಚಳ ಕೂರಿಸಿ. ಸಿಲಿಕೋನ್ ಬೇಕಾದದ್ದು ಮೇಲಿನ ಹಲಗೆ ಗೋಡೆಗೆ ಸೇರುವ ಕಡೆ ಮಾತ್ರ, ಅದೂ ಬೂಷ್ಟು ಹಿಡಿಯದ ಸ್ಯಾನಿಟರಿ ದರ್ಜೆಯದು. ಮುಚ್ಚಳಕ್ಕೆ ಬಳಿದರೆ ಮುಂದೊಮ್ಮೆ ಒಡೆದೇ ತೆಗೆಯಬೇಕಾದೀತು. ಕೆಳಗಿನ ಹಲಗೆಯಲ್ಲಿ ಅಡಿಗೊಂದರಂತೆ 8 ಮಿ.ಮೀ. ತೂತು ಬಿಡಿ. ಒಳಗಿನ ತೇವ ಆರುತ್ತದೆ, ಸೋರಿಕೆ ಶುರುವಾದರೆ ಮೊದಲ ಹನಿ ಅಲ್ಲೇ ಕಾಣುತ್ತದೆ.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯ ಬಾತ್‌ರೂಮಿನ ಪೈಪುಗಳು ನಮ್ಮ ಬಾತ್‌ರೂಮಿನ ಸ್ಲ್ಯಾಬಿನಡಿ ನೇತಾಡುತ್ತಿವೆ. ಒಂದೇ ಸಮನಾಗಿ ಜಿಪ್ಸಮ್ ಸೀಲಿಂಗ್ ಮಾಡಿದರೆ ಚಂದ ಎನ್ನುತ್ತಾರೆ ಕಂಟ್ರಾಕ್ಟರ್. (ಬೆಂಗಳೂರು)

ಉತ್ತರ: ಚಂದವೇನೋ ಹೌದು, ಮೊದಲ ಸೋರಿಕೆಯವರೆಗೆ. ಸಾಮಾನ್ಯ ಜಿಪ್ಸಮ್ ನೀರು ಹೀರಿ ಮೆತ್ತಗಾಗಿ ಜೋತು ಬೀಳುತ್ತದೆ. ಮೇಲಿನವರ ನಹಾನಿ ಟ್ರ್ಯಾಪ್ (ಬಚ್ಚಲ ನೆಲದ ನೀರು ಇಳಿಯುವ ಟ್ರ್ಯಾಪ್), ಕಮೋಡಿನ ಬೆಂಡ್, ಕಸ ತೆಗೆಯುವ ಡೋರ್ ಇರುವ ಟೀ (ಮೂರು ಬಾಯಿಯ ಜೋಡಣೆ), ಇವೆಲ್ಲ ಇರುವುದು ನಿಮ್ಮ ಸೀಲಿಂಗಿನ ಮೇಲೆ. ಅಲ್ಲಿ ಕಟ್ಟಿಕೊಂಡರೆ ಕೆಲಸ ನಡೆಯುವುದು ನಿಮ್ಮ ಮನೆಯಲ್ಲಿ.

ಎರಡಡಿ ಚೌಕದ ಬಿಲ್ಲೆಗಳನ್ನು ಎತ್ತಿ ತೆಗೆಯಬಹುದಾದ ಗ್ರಿಡ್ ಸೀಲಿಂಗ್ ಎಲ್ಲಕ್ಕಿಂತ ಸುಲಭ. ಬಿಲ್ಲೆ ಅಲ್ಯೂಮಿನಿಯಮ್ಮಿನದು ಅಥವಾ ಪಿವಿಸಿಯದು ಇರಲಿ. ಬಿಲ್ಲೆಯನ್ನು ಮೇಲಕ್ಕೆತ್ತಿ ಓರೆ ಮಾಡಲು ಪೈಪಿನ ತಳದಿಂದ ಐದಾರು ಇಂಚು ಜಾಗ ಬೇಕು. ಅಷ್ಟು ಎತ್ತರ ಬಿಡಲಾಗದಿದ್ದರೆ ಪಿವಿಸಿ ಪ್ಯಾನೆಲ್ ಹಾಕಿಸಿ, ಪ್ರತಿ ಟ್ರ್ಯಾಪ್ ಮತ್ತು ಡೋರಿನ ನೇರ ಕೆಳಗೆ 18 ಇಂಚು ಚೌಕದ ಬಾಗಿಲು ಇಡಿಸಿ. ಕಿಂಡಿಯನ್ನು ಕೋಣೆಯ ನಡುವೆ ಅಂದಕ್ಕೆಂದು ಇಟ್ಟು, ಟ್ರ್ಯಾಪ್ ಮೂಲೆಯಲ್ಲಿ ಕೈಗೆ ಸಿಗದೆ ಉಳಿಯುವುದು ಪದೇ ಪದೇ ಕಾಣುವ ತಪ್ಪು. ಕೆಲಸಕ್ಕೆ ಮೊದಲು ಅಳತೆ ಟೇಪು ಹಿಡಿದು ಸ್ಲ್ಯಾಬಿನ ಫೋಟೊ ತೆಗೆದಿಟ್ಟುಕೊಳ್ಳಿ.

ಮೇಲಿನ ಮನೆಯವರನ್ನು ಒಪ್ಪಿಸಿ ನೀರು ನಿಲ್ಲಿಸಿ ನೋಡಿ. ಅವರ ಬಾತ್‌ರೂಮಿನ ನೀರು ಹೋಗುವ ಬಾಯಿ ಮುಚ್ಚಿ, ಒಂದಿಂಚು ನೀರು 24 ಗಂಟೆ ನಿಲ್ಲಬೇಕು. ನಂತರ ಬಾಯಿ ತೆಗೆದು, ಎರಡು ಬಕೆಟ್ ನೀರು ಒಮ್ಮೆಲೇ ಸುರಿದು ಜಾಯಿಂಟ್‌ಗಳನ್ನು ಒಣ ಕಾಗದದಿಂದ ಒರೆಸಿ. ಕಾಗದ ತೇವವಾದರೆ ಸೀಲಿಂಗ್ ಕೆಲಸ ಮುಂದಕ್ಕೆ ಹಾಕಿ. ಸೀಲಿಂಗಿನ ಸರಳುಗಳನ್ನು ಪೈಪಿಗೆ ಕಟ್ಟಲು ಬಿಡಬೇಡಿ, ಸ್ಲ್ಯಾಬಿಗೇ ಹಾಕಿಸಿ. ಡ್ರಿಲ್ ಒಂದೂವರೆ ಇಂಚಿಗಿಂತ ಆಳಕ್ಕೆ ಇಳಿಯದಿರಲಿ.

ಪ್ರಶ್ನೆ: ಮಹಡಿಯಿಂದ ಇಳಿಯುವ 110 ಮಿ.ಮೀ. ಪೈಪು ಬಾತ್‌ರೂಮಿನ ಮೂಲೆಯಲ್ಲಿದೆ. ಸುತ್ತ ಇಟ್ಟಿಗೆ ಕಟ್ಟಿ ಟೈಲ್ಸ್ ಹಾಕಬಹುದೆ? (ಪುತ್ತೂರು)

ಉತ್ತರ: ಇಟ್ಟಿಗೆ ಕಟ್ಟಿದರೆ ಜಾಗವೂ ಹೋಯಿತು, ಪೈಪೂ ಹೋಯಿತು. ಒಂದಿಂಚಿನ ಅಲ್ಯೂಮಿನಿಯಂ ಚೌಕ ಕೊಳವೆಯ ಚೌಕಟ್ಟಿಗೆ 8 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್ ಹೊಡೆದು ಮೇಲೆ ಟೈಲ್ಸ್ ಅಂಟಿಸಿ. ಒಳಗೆ 160 ಮಿ.ಮೀ. ಚೌಕ ಜಾಗ ಸಿಗಲಿ. ಪೈಪಿಗಿಂತ ಅದರ ಸಾಕೆಟ್ ದಪ್ಪ ಎಂಬುದನ್ನು ಮರೆತು ಅಳತೆ ಕೊಟ್ಟರೆ ಚೌಕಟ್ಟು ಕೂರುವುದಿಲ್ಲ. ಬೋರ್ಡಿಗೆ ವಾಟರ್‌ಪ್ರೂಫಿಂಗ್ ಬಳಿದ ಮೇಲೆ, ಗಾರೆ ಬಿಟ್ಟು ಟೈಲ್ ಅಂಟಿನಿಂದ ಹಚ್ಚಿ.

ಡೋರ್ ಇರುವ ಟೀ ಗೋಡೆಗೆ ಮುಖ ಮಾಡಿದ್ದರೆ ಈಗಲೇ ಕೋಣೆಯ ಕಡೆ ತಿರುಗಿಸಿ, ಅದರ ರಬ್ಬರನ್ನೂ ಬದಲಿಸಿ. ಡೋರಿನ ಎದುರಿನ ಟೈಲನ್ನು ಮ್ಯಾಗ್ನೆಟ್ ಸೆಟ್ಟಿನಿಂದ ನಿಲ್ಲಿಸಿದರೆ ಕಿಂಡಿ ಕಾಣುವುದೇ ಇಲ್ಲ. ಟೈಲಿನ ನಾಲ್ಕು ಮೂಲೆಗೂ ಮ್ಯಾಗ್ನೆಟ್ ಬೇಕು, ಟೈಲಿನ ಭಾರವನ್ನು ಕೆಳಗಿನ ಸಣ್ಣ ಆ್ಯಂಗಲ್ ಹೊರಬೇಕು. ಮ್ಯಾಗ್ನೆಟ್ಟನ್ನೇ ನಂಬಿದರೆ ಟೈಲು ನಿಧಾನಕ್ಕೆ ಜಾರುತ್ತದೆ. ಸುತ್ತಲ ಸಂದಿಗೆ ಸಿಮೆಂಟ್ ಗ್ರೌಟ್ ಬೇಡ, ಎಪಾಕ್ಸಿಯಂತೂ ಬೇಡವೇ ಬೇಡ. ಸಿಲಿಕೋನ್ ಹಾಕಿದರೆ ಬ್ಲೇಡಿನಿಂದ ಕೊಯ್ದು, ಗಾಜು ಎತ್ತುವ ರಬ್ಬರ್ ಕಪ್ ಅಂಟಿಸಿ ಎಳೆಯಬಹುದು. ನಿಮ್ಮ ಕಡೆಯ ಮಳೆಗಾಲಕ್ಕೆ ಕಬ್ಬಿಣದ ಚೌಕಟ್ಟು ತಡೆಯುವುದಿಲ್ಲ, ಬಣ್ಣ ಬಳಿದರೂ ಅಷ್ಟೆ.

ಪ್ರಶ್ನೆ: ಗ್ಯಾಸ್ ಗೀಸರ್ ಮತ್ತು ಅದರ ಪೈಪುಗಳಿಗೆ ಬಾಗಿಲಿರುವ ಪೆಟ್ಟಿಗೆ ಮಾಡಿಸಬಹುದೆ? (ಗದಗ)

ಉತ್ತರ: ಬೇಡ. ಗ್ಯಾಸ್ ಉರಿಯಲು ಗಾಳಿ ಬೇಕು. ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ಗೀಸರನ್ನೇ ಬಾತ್‌ರೂಮಿನಿಂದ ಹೊರಗೆ, ಗಾಳಿಯಾಡುವ ಬಾಲ್ಕನಿಗೋ ಹಿತ್ತಲ ಗೋಡೆಗೋ ಸಾಗಿಸಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತನ್ನಿ. ಆ ಪೈಪಿಗೆ ಮೇಲೆ ಹೇಳಿದ ಬಾಕ್ಸ್ ಹಾಕಬಹುದು. ಗ್ಯಾಸ್ ಟ್ಯೂಬ್ ಮಾತ್ರ ಉದ್ದಕ್ಕೂ ಕಣ್ಣಿಗೆ ಕಾಣುವಂತೆಯೇ ಇರಲಿ.